ನನ್ನ ಲ್ಯಾಪ್‌ಟಾಪ್ ಬಿಚ್ಚಿದವರು ಯಾರು?

ನನಗೆ ಮಗನಿಲ್ಲ.

ಈ ಮಾತನ್ನು ಕಳೆದ ಎಂಟು ತಿಂಗಳಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಈಗೀಗ ಎದುರಿನವರು ಬಾಯಿ ತೆರೆಯುವ ಮುಂಚೆಯೇ ಹೇಳಿಬಿಡುತ್ತೇನೆ. ಗದಗಿನ ಕೊರಿಯರ್ ಆಫೀಸಿನವನಿಗೆ ಹೇಳಿದೆ. ಕಸ್ಟಮರ್ ಕೇರ್‌ನಲ್ಲಿ ಫೋನೆತ್ತಿದ ಹುಡುಗಿಗೆ ಹೇಳಿದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಶಿಗ್ಲಿಯ ಅಜ್ಜಿಗೆ ಹೇಳಿದೆ. ಮೊನ್ನೆ ಹುಬ್ಬಳ್ಳಿಯ ಸರ್ವಿಸ್ ಸೆಂಟರಿನಲ್ಲಿ ಟೈ ಬಿಗಿದುಕೊಂಡು ಕೂತಿದ್ದ ಮ್ಯಾನೇಜರನಿಗೂ ಹೇಳಿದೆ. ಇವರೆಲ್ಲರಲ್ಲಿ ನಂಬಿದವಳು ಅಜ್ಜಿ ಒಬ್ಬಳೇ.

ವಿಷಯ ಇಷ್ಟು. ನಾನೊಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡೆ. ನನಗಾಗಿ. ಗೇಮ್ ಆಡುವುದಕ್ಕಾಗಿ.

ನಾನು ಲಕ್ಷ್ಮೇಶ್ವರದ ಹೈಸ್ಕೂಲೊಂದರಲ್ಲಿ ಗಣಿತ ಹೇಳುವವಳು, ವಯಸ್ಸು ನಲವತ್ತೊಂಬತ್ತು ಎಂಬುದು ವಾರವಾರ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಇರುವವಳು ಒಬ್ಬಳೇ ಮಗಳು. ಮುಂಡರಗಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ಕಂಪ್ಯೂಟರ್ ಗೇಮ್ ಅಂದರೆ ಅವಳಿಗೆ ಆಗದು. ಟೈಮ್ ವೇಸ್ಟ್ ಅಂತಾಳೆ. (ಸತ್ತ ರಾಜರ ಇಸವಿಗಳನ್ನು ಬಾಯಿಪಾಠ ಮಾಡಿಸುವುದು ಟೈಮ್ ವೇಸ್ಟ್ ಅಲ್ಲವಂತೆ.)

ನನಗೆ ಈ ಹುಚ್ಚು ಹಿಡಿದದ್ದು ಎರಡು ವರ್ಷದ ಹಿಂದೆ. ಶಾಲೆಯ ಮೆಟ್ಟಿಲ ಮೇಲೆ ಜಾರಿ ಕಾಲಿನ ಗಿಣ್ಣು ಮುರಿಯಿತು. ಆರು ವಾರ ಪ್ಲಾಸ್ಟರ್. ಟಿವಿ ನೋಡಿ ನೋಡಿ ತಲೆ ಕೆಟ್ಟುಹೋಗಿತ್ತು. ಮಗಳು ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಊರು ಕಟ್ಟುವ ಆಟವೊಂದು ಸಿಕ್ಕಿತು. ಖಾಲಿ ನೆಲ ಕೊಡುತ್ತಾರೆ. ರಸ್ತೆ ಹಾಕಬೇಕು, ಗಟಾರ ತೋಡಬೇಕು, ನೀರಿನ ಟಾಕಿ ಕಟ್ಟಬೇಕು, ಶಾಲೆ, ದವಾಖಾನೆ, ಬಸ್‌ಸ್ಟ್ಯಾಂಡ್ ಎಲ್ಲಕ್ಕೂ ಜಾಗ ಹುಡುಕಬೇಕು. ಎಲ್ಲವೂ ಲೆಕ್ಕಾಚಾರ. ಗಣಿತದವಳಿಗೆ ಇದಕ್ಕಿಂತ ಬೇರೆ ಸ್ವರ್ಗ ಬೇಕೆ?

ನನ್ನ ಊರಿಗೆ ನಮ್ಮವ್ವನ ಹೆಸರಿಟ್ಟೆ. ಗೌರಾಪುರ. ನಮ್ಮ ಓಣಿಯಲ್ಲಿ ನಲ್ಲಿ ನೀರು ಬರುವ ದಿನವನ್ನು ಹಬ್ಬ ಕಾದಂತೆ ಕಾಯುತ್ತೇವೆ. ಗೌರಾಪುರದಲ್ಲಿ ಮಾತ್ರ ಇಪ್ಪತ್ನಾಲ್ಕು ತಾಸೂ ನೀರು. ಪ್ಲಾಸ್ಟರ್ ಬಿಚ್ಚಿದ ಮೇಲೂ ಆಟ ಬಿಡಲಿಲ್ಲ. ಶಾಲೆಯಿಂದ ಬಂದು ಚಹಾ ಕುಡಿದು ಒಂದು ತಾಸು ಊರಿನ ಯೋಗಕ್ಷೇಮ ನೋಡಿದರೇನೇ ನನಗೆ ಸಮಾಧಾನ.

ಆದರೆ ಊರು ಬೆಳೆದಂತೆ ಲ್ಯಾಪ್‌ಟಾಪ್ ಏದುಸಿರು ಬಿಡತೊಡಗಿತು. ಹೊಸ ಓಣಿ ಕಟ್ಟಿದರೆ ಪರದೆ ನಿಂತುಬಿಡುತ್ತಿತ್ತು. ಕೆಳಗಿನ ಭಾಗ ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ಅದನ್ನು ಹೊತ್ತುಕೊಂಡು ರಜಿಯಾಳ ಅಂಗಡಿಗೆ ಹೋದೆ.

ರಜಿಯಾ ಯಾರೆಂದು ಹೇಳಬೇಕು. ಲಕ್ಷ್ಮೇಶ್ವರದ ಬಜಾರದಲ್ಲಿ ಅವಳ ಅಪ್ಪ ಇಮಾಮಸಾಬರದು ಗಡಿಯಾರ ರಿಪೇರಿ ಅಂಗಡಿ. ಗಡಿಯಾರ ಕಟ್ಟುವವರೇ ಕಡಿಮೆಯಾದಾಗ ಅಂಗಡಿ ಮುಚ್ಚುವ ಹೊತ್ತು ಬಂತು. ಆಗ ಮಗಳು ಬಂದು ಅದೇ ಮೇಜಿಗೆ ಕೂತು ಮೊಬೈಲು, ಲ್ಯಾಪ್‌ಟಾಪು ಬಿಚ್ಚತೊಡಗಿದಳು. ಈಗ ಅವಳಿಗೆ ಮೂವತ್ತು ದಾಟಿದೆ. ನನ್ನ ಶಿಷ್ಯೆ. ಹತ್ತನೇ ಇಯತ್ತೆಯಲ್ಲಿದ್ದಾಗ ಪುಸ್ತಕದ ರೀತಿ ಬಿಟ್ಟು ತನ್ನದೇ ರೀತಿಯಲ್ಲಿ ಲೆಕ್ಕ ಬಿಡಿಸುತ್ತಿದ್ದಳು. ಉತ್ತರ ಸರಿ ಇರುತ್ತಿತ್ತು. ನಾನು ಅರ್ಧ ಮಾರ್ಕು ಕಡಿಯುತ್ತಿದ್ದೆ. ರೀತಿ ಪುಸ್ತಕದ್ದಲ್ಲವಲ್ಲ!

ಅವಳು ನನ್ನ ಲ್ಯಾಪ್‌ಟಾಪ್ ಬಿಚ್ಚಿ ನೋಡಿ, ಇದಕ್ಕೆ ಮಾಡುವಂಥದ್ದೇನೂ ಉಳಿದಿಲ್ಲ ಅಂದಳು. ಮೆಮರಿ ಹೆಚ್ಚಿಸೋಣವೆಂದರೆ ಅದನ್ನು ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಈಗಿನ ಮಷೀನುಗಳು ಬಹಳಷ್ಟು ಹೀಗೇ ಅಂತೆ. ಒಂದು ಭಾಗ ಸಾಲದಾದರೆ ಇಡೀ ಮಷೀನು ಎಸೆಯಬೇಕು.

ಇದನ್ನು ಕೇಳಿದ ವಾರವೇ ನನ್ನ ಮೊಬೈಲಿಗೆ ಆ ಜಾಹೀರಾತು ಬಂತು. (ನಾವು ಮಾತಾಡಿದ್ದು ಮೊಬೈಲಿಗೆ ಹೇಗೆ ಗೊತ್ತಾಗುತ್ತದೆ? ಆ ಸಿಟ್ಟು ಇನ್ನೊಂದು ವಾರಕ್ಕಿರಲಿ.)

ಹೊಸ ಕಂಪನಿ. ಹೆಸರು ಬರೆಯುವುದಿಲ್ಲ, ತಕರಾರು ಗ್ರಾಹಕರ ಆಯೋಗದ ಮುಂದಿದೆ. ಗೇಮಿಂಗ್ ಲ್ಯಾಪ್‌ಟಾಪ್ ಇನ್ನೂ ಬಿಡುಗಡೆ ಆಗಿಲ್ಲ, ಮುಂಚೆಯೇ ಬುಕ್ ಮಾಡಿದವರಿಗೆ ಮೊದಲು. ವಿಶೇಷ ಏನೆಂದರೆ, ಇದರಲ್ಲಿ ಯಾವುದನ್ನೂ ಬೆಸುಗೆ ಹಾಕಿಲ್ಲ. ಮೆಮರಿ ಬದಲಿಸಬಹುದು, ಡಿಸ್ಕ್ ಬದಲಿಸಬಹುದು, ನಾಳೆ ಹೊಸ ಗ್ರಾಫಿಕ್ಸ್ ಕಾರ್ಡ್ ಬಂದರೆ ಅದನ್ನೂ ಕೂಡಿಸಬಹುದು. "ನಿಮ್ಮ ಮಷೀನು, ನಿಮ್ಮ ಸ್ಕ್ರೂಡ್ರೈವರು" ಎಂಬುದು ಅವರ ಘೋಷಣೆ. ವಿಡಿಯೋದಲ್ಲಿ ಹುಡುಗಿಯೊಬ್ಬಳು ನಗುನಗುತ್ತ ಆರು ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದು, ಮೆಮರಿ ಕೂಡಿಸಿ ಮತ್ತೆ ಮುಚ್ಚುತ್ತಾಳೆ. ಅಡುಗೆಮನೆಯ ಡಬ್ಬಿಯ ಮುಚ್ಚಳ ತೆಗೆದಷ್ಟು ಸಲೀಸು. ಮುಂಗಡ ಬುಕ್ ಮಾಡಿದವರಿಗೆ ಒಂದು ಸ್ಕ್ರೂಡ್ರೈವರ್ ಉಚಿತ.

ವಿಡಿಯೋವನ್ನು ರಜಿಯಾಳಿಗೆ ತೋರಿಸಿದೆ. ಅವಳು ಎರಡು ಸಲ ನೋಡಿದಳು. ಅವಳ ಮುಖ ಅರಳಿತು. ಹತ್ತು ವರ್ಷದಿಂದ ಬರೀ ಅಂಟು ಹಾಕಿದ್ದನ್ನು, ಬೆಸೆದದ್ದನ್ನು, ಬಿಚ್ಚಬಾರದೆಂದು ಮಾಡಿದ್ದನ್ನೇ ಬಿಚ್ಚುತ್ತ ಬಂದವಳು ಅವಳು. ಬಿಚ್ಚಿರಿ ಎಂದು ಕಂಪನಿಯೇ ಹೇಳಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಆದರೂ ಎಚ್ಚರಿಕೆಯ ಮಾತೊಂದನ್ನು ಹೇಳಿದಳು.

"ಅಕ್ಕೋರ, ಮಷೀನ ಇನ್ನೂ ಹುಟ್ಟಿಲ್ಲ. ಹುಟ್ಟಿದ ಮ್ಯಾಲೆ ನೋಡೂಣಂತ, ತಡೀರಿ."

ತಡೆಯಬೇಕಿತ್ತು. ತಡೆಯಲಿಲ್ಲ.

ನೋಡಿ, ನಾವು ಎಂಥ ಜನ? ಬಾಯಿ ತೆರೆಸಿ ಹಲ್ಲು ನೋಡದೆ ಎತ್ತು ಕೊಳ್ಳುವುದಿಲ್ಲ. ಚೀಲದ ತಳಕ್ಕೆ ಕೈ ಹಾಕಿ ತೆಗೆಯದೆ ಮೆಣಸಿನಕಾಯಿಗೆ ದರ ಹೇಳುವುದಿಲ್ಲ. ಬೆಟಗೇರಿಯಲ್ಲಿ ಸೀರೆ ಕೊಳ್ಳಲು ಹೋದರೆ ಸೆರಗು ಬಿಚ್ಚಿಸಿ, ಬಾಗಿಲ ಬೆಳಕಿಗೆ ಹಿಡಿದು, ನೂಲು ಎಣಿಸಿ, ಕೊನೆಗೆ ಬೇಡ ಅಂತ ಎದ್ದು ಬರುವವಳು ನಾನು. ಅಂಥ ನಾನು, ಇನ್ನೂ ತಯಾರೇ ಆಗದ ವಸ್ತುವಿಗೆ ಪೂರಾ ದುಡ್ಡು ಕೊಟ್ಟುಬಿಟ್ಟೆ. ಬೀಜ-ಗೊಬ್ಬರದ ಅಂಗಡಿ ನಡೆಸುವ ನಮ್ಮ ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ: "ಮಾಲು ನೋಡೀಯೋ ಇಲ್ಲೋ?" ನಾನು ಎದ್ದು ಅಡುಗೆಮನೆಗೆ ಹೋದೆ.

ಬುಕ್ ಮಾಡುವಾಗ ಕೊನೆಗೊಂದು ಚೌಕ ಇರುತ್ತದೆ. ಎಲ್ಲ ನಿಯಮಗಳನ್ನು ಓದಿ ಒಪ್ಪಿದ್ದೇನೆ ಅಂತ ಅದಕ್ಕೆ ಟಿಕ್ ಹಾಕಬೇಕು. ಹಾಕಿದೆ. ಓದಿದೆನೇ? ಇಲ್ಲ. ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮೂರು ಸಲ ಓದಿ ಅಂತ ವರ್ಷವಿಡೀ ಮಕ್ಕಳಿಗೆ ಬಡಿದುಕೊಳ್ಳುವವಳು ನಾನು. ನನ್ನ ಮೇಲಿನ ಸಿಟ್ಟಿನ ಖಾತೆ ಇಲ್ಲಿಂದಲೇ ಶುರು. ಒಂದು ಒಳ್ಳೆಯ ಕೆಲಸ ಮಾಡಿದ್ದೆ. ಆ ದಿನದ ಪುಟವನ್ನು ಶಾಲೆಯ ಪ್ರಿಂಟರಿನಲ್ಲಿ ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೆ. ಅದು ಜಾಣತನವಲ್ಲ, ಆಸೆ. ಮಷೀನು ಬರುವ ತನಕ ಚಿತ್ರವನ್ನಾದರೂ ನೋಡುತ್ತಿರೋಣ ಅಂತ.

ಬಿಡುಗಡೆಯ ದಿನ ಮುಂದೆ ಹೋಯಿತು. ಮತ್ತೊಮ್ಮೆ ಮುಂದೆ ಹೋಯಿತು. ಪ್ರತಿ ಸಲವೂ ಸಿಹಿಸುದ್ದಿ ಎಂಬ ತಲೆಬರಹದಲ್ಲಿ ಈಮೇಲ್. ತಡವಾಗುವುದು ಸಿಹಿಸುದ್ದಿ ಹೇಗಾಗುತ್ತದೆ? ಫೋನ್ ಮಾಡಿದರೆ ಕಸ್ಟಮರ್ ಕೇರ್‌ನ ಹುಡುಗಿ ಮೊದಲು ಸರ್ ಅಂದಳು. ಸರ್ ಅಲ್ಲ, ಮೇಡಂ ಅಂದೆ. ಸಾರಿ ಮೇಡಂ, ನಿಮ್ಮ ಮಗನ ಆರ್ಡರ್ ನಂಬರ್ ಹೇಳಿ ಅಂದಳು.

ಕೊನೆಗೂ ಬಂತು. ಎಲ್ಲಿಗೆ? ಗದಗಿಗೆ. ಲಕ್ಷ್ಮೇಶ್ವರದ ಪಿನ್‌ಕೋಡಿಗೆ ಅಷ್ಟು ದೊಡ್ಡ ಬೆಲೆಯ ಪಾರ್ಸಲ್ ತಲುಪಿಸುವುದಿಲ್ಲವಂತೆ. ದುಡ್ಡು ಕಟ್ಟಿಸಿಕೊಳ್ಳುವಾಗ ಇದೇ ಪಿನ್‌ಕೋಡು ಅವರಿಗೆ ಚೆನ್ನಾಗಿ ಸಿಕ್ಕಿತ್ತು. ಅರ್ಧ ದಿನ ರಜೆ ಹಾಕಿ ಗದಗಿಗೆ ಹೋದೆ. ಕೊರಿಯರ್‌ನವನು ನನ್ನ ಆಧಾರ್ ಕಾರ್ಡನ್ನು ಹಿಂದೆಮುಂದೆ ತಿರುವಿ, ಯಾರ ಸಲುವಾಗಿ ತರಿಸಿದ್ದೀರಿ, ಮಗ ಬರಲಿಲ್ಲವೇ ಅಂತ ಕೇಳಿದ. ಶಿರಹಟ್ಟಿ ಮೇಲಿನಿಂದ ಬರುವ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಶಿಗ್ಲಿಯ ಅಜ್ಜಿ ಸಿಕ್ಕಿದ್ದು ಅಲ್ಲೇ. ಏನದು ಅಂದಳು. ಕಂಪ್ಯೂಟರ್ ಅಂದೆ. ಮಗನಿಗೇನು ಅಂದಳು. ಮಗನಿಲ್ಲ, ನಾನೇ ಆಟ ಆಡುತ್ತೇನೆ ಅಂದೆ. ಅಜ್ಜಿ ಸೆರಗು ಸರಿಪಡಿಸಿಕೊಳ್ಳುತ್ತ, ತಾನು ಈಗಲೂ ಚೌಕಾಬಾರ ಆಡುತ್ತೇನೆ ಅಂದಳು. ಅಲ್ಲಿಗೆ ಮುಗಿಯಿತು. ಟೈ ಕಟ್ಟಿದವರಿಗೆ ಅರ್ಥವಾಗದ್ದು ಅವಳಿಗೆ ಇಳಕಲ್ ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ ಅರ್ಥವಾಗಿತ್ತು.

ಮಷೀನು ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ? ಗೌರಾಪುರ ಕಣ್ಣಿಗೆ ಕಟ್ಟುವಂತೆ ಕಾಣುತ್ತಿತ್ತು. ಡಬ್ಬದಲ್ಲಿ ಉಚಿತ ಸ್ಕ್ರೂಡ್ರೈವರೂ ಇತ್ತು, ಕಂಪನಿಯ ಹೆಸರು ಕೆತ್ತಿದ್ದು. ಎರಡು ತಿಂಗಳಾದ ಮೇಲೆ ಮೆಮರಿ ಹೆಚ್ಚಿಸೋಣ ಅಂದುಕೊಂಡೆ. ಇಂಥದ್ದೇ ಕೂಡಿಸಬೇಕೆಂದು ಕಂಪನಿಯ ಪಟ್ಟಿಯಲ್ಲಿದ್ದ ಮೆಮರಿಯನ್ನೇ ರಜಿಯಾ ತರಿಸಿದಳು.

ಆ ದಿನ ಅವಳು ಕೆಲಸ ಮಾಡಿದ ರೀತಿ ನೋಡಬೇಕಿತ್ತು. ಕೈ ತೊಳೆದಳು. ಮೇಜಿನ ಮೇಲೆ ಹೊಸ ಬಟ್ಟೆ ಹಾಸಿದಳು. ಮಣಿಕಟ್ಟಿಗೆ ವಾಯರಿನ ಪಟ್ಟಿ ಕಟ್ಟಿಕೊಂಡಳು (ನಮ್ಮ ಮೈಯಲ್ಲಿರುವ ಕರೆಂಟು ಮಷೀನಿಗೆ ತಾಗಬಾರದಂತೆ). ಕಂಪನಿಯ ವಿಡಿಯೋ ಹಚ್ಚಿಟ್ಟು, ಅದರಲ್ಲಿ ಹೇಳಿದ ಕ್ರಮದಲ್ಲೇ ಒಂದೊಂದು ಸ್ಕ್ರೂ ತೆಗೆದಳು, ಅವರೇ ಕೊಟ್ಟ ಸ್ಕ್ರೂಡ್ರೈವರಿನಿಂದ. ಐದು ಬಂದವು. ಆರನೆಯದರ ಮೇಲೆ ಗುಂಡಗೆ ಒಂದು ಸಣ್ಣ ಕಾಗದ ಅಂಟಿಸಿತ್ತು. ಹರಿದರೆ ವಾರಂಟಿ ಇಲ್ಲ ಅಂತ ಇರುವೆಗಾತ್ರದ ಇಂಗ್ಲಿಷಿನಲ್ಲಿ ಬರೆದಿತ್ತು.

ಅವಳು ಕೈ ತೆಗೆದಳು. ವಿಡಿಯೋದಲ್ಲಿ ಆ ಕಾಗದ ಇಲ್ಲವೇ ಇಲ್ಲ. ಮತ್ತೆ ನೋಡಿದೆವು. ಇಲ್ಲ. ರಜಿಯಾ ಇಲ್ಲಿಗೇ ಬಿಡೋಣ, ಕಂಪನಿಗೆ ಒಂದು ಮಾತು ಕೇಳೋಣ ಅಂದಳು. ಅವರೇ ಬಿಚ್ಚು ಅಂದಿದ್ದಾರೆ, ಸ್ಕ್ರೂಡ್ರೈವರ್ ಬೇರೆ ಕೊಟ್ಟಿದ್ದಾರೆ, ಬಿಚ್ಚು ಅಂದೆ. ಬಿಚ್ಚು ಅಂದವಳು ನಾನು. ಇದನ್ನು ನೆನಪಿಡಿ.

ಇಮಾಮಸಾಬರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಮಂಜಾಗಿದೆ. ಆದರೂ ಗಡಿಯಾರ ನೋಡುವ ಕಣ್ಣುಗಾಜು ಸಿಕ್ಕಿಸಿಕೊಂಡು ಬಂದು, ಬಿಚ್ಚಿದ ಮಷೀನಿನ ಮೇಲೆ ಬಾಗಿ ಬಹಳ ಹೊತ್ತು ನೋಡಿದರು. ಛಲೋ ಕೂಡಿಸಿದ್ದಾರೆ ಅಂದರು. ಯಾರೋ ಕಾಣದ ಕೆಲಸಗಾರರಿಗೆ ಇನ್ನೊಬ್ಬ ಕೆಲಸಗಾರ ಕೊಟ್ಟ ಮರ್ಯಾದೆ ಅದು. ಮೆಮರಿ ಕೂತಿತು. ಮಷೀನು ಹಾರಿತು. ಗೌರಾಪುರಕ್ಕೆ ಎರಡು ಹೊಸ ಬಡಾವಣೆ ಬಂದವು.

ಒಂದೂವರೆ ತಿಂಗಳು ಕಳೆಯಿತು. ಒಂದು ದಿನ ಪರದೆ ಮಿಟುಕತೊಡಗಿತು. ಮೇಲಿನ ಭಾಗವನ್ನು ತುಸು ಹಿಂದೆ ವಾಲಿಸಿದರೆ ಕಪ್ಪು, ಮುಂದೆ ತಂದರೆ ಬೆಳಕು. ರಜಿಯಾ ನೋಡಿದ ತಕ್ಷಣ ಹೇಳಿದಳು, ಪರದೆಗೆ ಹೋಗುವ ವಾಯರು ಸಡಿಲಾಗಿದೆ, ಅದು ತಾನು ಕೈ ಹಾಕಿದ ಕಡೆ ಅಲ್ಲವೇ ಅಲ್ಲ ಅಂತ. ತಾನೇ ಸರಿ ಮಾಡಬಲ್ಲೆ, ಆದರೆ ವಾರಂಟಿ ಇರುವಾಗ ಕಂಪನಿಯವರಿಂದಲೇ ಮಾಡಿಸುವುದು ಸರಿ ಅಂದಳು. ನನಗೆ ತಾಂತ್ರಿಕ ಮಾತು ಬಾರದು, ನೀನೂ ಬಾ ಅಂದೆ. ಪಾಪ, ಒಂದು ದಿನ ಅಂಗಡಿಯನ್ನು ಅಪ್ಪನಿಗೆ ಬಿಟ್ಟು ಬಂದಳು.

ಹುಬ್ಬಳ್ಳಿಯ ಸರ್ವಿಸ್ ಸೆಂಟರ್. ಎಸಿ, ಗಾಜು, ಟೋಕನ್. ಮ್ಯಾನೇಜರ್ ಮಷೀನನ್ನು ಬೋರಲು ಹಾಕಿದ. ಪರದೆ ನೋಡಲಿಲ್ಲ. ತೊಂದರೆ ಏನು ಅಂತ ಕೇಳಲಿಲ್ಲ. ಆರನೇ ಸ್ಕ್ರೂವಿನ ಮೇಲೆ ಉಗುರು ಆಡಿಸಿದ.

"ಇದನ್ನ ಯಾರು ಬಿಚ್ಚಿದ್ರು?"

ನಾವು ಅಂದೆ. ನಾವು ಅಂದರೆ ಯಾರು ಅಂದ. ರಜಿಯಾ, ಬಿಚ್ಚಿದ್ದು ತಾನೇ, ಲಕ್ಷ್ಮೇಶ್ವರದಲ್ಲಿ ತನ್ನ ಅಂಗಡಿ ಇದೆ ಅಂದಳು. ಅವನು ಅವಳನ್ನು ಒಮ್ಮೆ ಮೇಲಿನಿಂದ ಕೆಳಗಿನ ತನಕ ನೋಡಿದ. ಕಂಪನಿಯ ಸರ್ಟಿಫಿಕೇಟ್ ಇದೆಯೇ ಅಂದ. ಇಲ್ಲ ಅಂದಳು. ಯಾವ ಕೋರ್ಸ್ ಮಾಡಿದ್ದೀಯ ಅಂದ. (ನನಗೆ ಮೇಡಂ, ಅವಳಿಗೆ ಏಕವಚನ. ಗಮನಿಸಿ.) ಅಪ್ಪನ ಹತ್ತಿರ ಕಲಿತೆ, ಮುಂದಿನದನ್ನು ಮಾಡುತ್ತ ಮಾಡುತ್ತ ಕಲಿತೆ ಅಂದಳು. ಅವನು ನಕ್ಕ. ಜೋರಾಗಿ ಅಲ್ಲ. ಮೂಗಿನಲ್ಲಿ.

ಆ ನಗು ನನಗೆ ಚುಚ್ಚಿತು. ಯಾಕೆಂದರೆ ಅದನ್ನು ನಾನು ಬಲ್ಲೆ. ಉತ್ತರ ಸರಿ ಇದ್ದರೂ ಅರ್ಧ ಮಾರ್ಕು ಕಡಿದವರ ನಗು ಅದು.

ಜಗಳಕ್ಕೆ ನಿಂತೆ. ಕಂಪನಿಯ ವಿಡಿಯೋ ತೋರಿಸುತ್ತೇನೆ ಅಂತ ಮೊಬೈಲ್ ತೆಗೆದರೆ, ವಿಡಿಯೋ ಇಲ್ಲ. ತೆಗೆದುಹಾಕಿದ್ದಾರೆ. ಪ್ರಿಂಟ್ ತೆಗೆದಿಟ್ಟ ಪುಟ ತೋರಿಸಿದೆ. ಅದು ಬಿಡುಗಡೆಗೆ ಮುಂಚಿನ ಪುಟ ಮೇಡಂ, ಈಗ ಬದಲಾಗಿದೆ ಅಂದ. ಬದಲಾದ ಪುಟವನ್ನು ತಾನೇ ತೆಗೆದು ತೋರಿಸಿದ. ಅಪ್‌ಗ್ರೇಡ್ ಮಾಡಬಹುದು ಎಂಬ ಮಾತಿನ ತಲೆಯ ಮೇಲೆ ಈಗೊಂದು ನಕ್ಷತ್ರ. ಪುಟದ ತಳಕ್ಕಿಳಿದರೆ ಆ ನಕ್ಷತ್ರದ ಅರ್ಥ: ನಮ್ಮ ಅಧಿಕೃತ ಕೇಂದ್ರಗಳಲ್ಲಿ ಮಾತ್ರ. ಬಿಡುಗಡೆಗೆ ಮುಂಚೆ ಹೇಳಿದ್ದು ಆಮೇಲೆ ಬದಲಾಗಬಹುದು ಎಂಬ ಷರತ್ತಿಗೆ ನೀವು ಒಪ್ಪಿ ಟಿಕ್ ಹಾಕಿದ್ದೀರಲ್ಲ ಅಂದ. ಹಾಕಿದ್ದೆ.

ಹಾಗಾದರೆ ಇದನ್ನು ಯಾಕೆ ಕೊಟ್ಟಿರಿ ಅಂತ ಅವರ ಸ್ಕ್ರೂಡ್ರೈವರನ್ನು ಪರ್ಸಿನಿಂದ ತೆಗೆದು ಮೇಜಿನ ಮೇಲಿಟ್ಟೆ.

"ಅದು ನೆನಪಿನ ಕಾಣಿಕಿ ಮೇಡಂ. ಯೂಸ್ ಮಾಡೂ ಸಲುವಾಗಿ ಅಲ್ಲ."

ನೀವು ನಗಬಹುದು. ನನಗೆ ಆಗ ನಗು ಬರಲಿಲ್ಲ, ಈಗಲೂ ಬರುತ್ತಿಲ್ಲ. ಗುದ್ದಲಿ ಕೊಟ್ಟು, ಅಗೆಯಬೇಡ, ಗೋಡೆಗೆ ತೂಗುಹಾಕು ಅನ್ನುವವರ ಹತ್ತಿರ ಏನು ವಾದ ಮಾಡುವುದು?

ನನ್ನ ದನಿ ಏರಿತ್ತು. ಟೋಕನ್ ಹಿಡಿದು ಕೂತವರೆಲ್ಲ ತಿರುಗಿ ನೋಡುತ್ತಿದ್ದರು. ಮ್ಯಾನೇಜರ್ ಆಗ ಮೆತ್ತಗಾದ. ಮಗ ಇದ್ದರೆ ಫೋನ್ ಹಚ್ಚಿಕೊಡಿ, ಅವನಿಗೆ ತಿಳಿಸಿ ಹೇಳುತ್ತೇನೆ ಅಂದ. ನನಗೆ ಮಗನಿಲ್ಲ ಅಂದೆ. ಹೋಗಲಿ ಮೇಡಂ, ನೀವು ಟೀಚರು, ನಿಮಗಾಗಿ ಒಂದು ದಾರಿ ಇದೆ ಅಂತ ಡ್ರಾವರ್ ಎಳೆದು ಕಾಗದದ ಒಂದು ಕಟ್ಟು ತೆಗೆದ. ಮೇಲಿನ ಹಾಳೆಯನ್ನು ನನ್ನ ಮುಂದಿಟ್ಟ.

ಅಚ್ಚು ಹಾಕಿಸಿಟ್ಟ ಫಾರ್ಮು. ಇಂಗ್ಲಿಷಿನಲ್ಲಿತ್ತು, ತಾತ್ಪರ್ಯ ಇದು: ನನಗೆ ತಪ್ಪು ಮಾಹಿತಿ ಕೊಟ್ಟು, ನನ್ನ ಒಪ್ಪಿಗೆ ಇಲ್ಲದೆ, ಈ ಕೆಳಗಿನ ಅಂಗಡಿಯವರು ನನ್ನ ಮಷೀನನ್ನು ಬಿಚ್ಚಿದ್ದಾರೆ. ಅದರ ಕೆಳಗೆ ಖಾಲಿ ಗೆರೆ. ಅಂಗಡಿಯ ಹೆಸರು, ಊರು, ಫೋನ್ ನಂಬರ್. ಆಮೇಲೆ ನನ್ನ ಸಹಿ. ಇದನ್ನು ತುಂಬಿಕೊಟ್ಟರೆ ಗಿರಾಕಿಯ ತಪ್ಪಿಲ್ಲ ಅಂತ ಆಗುತ್ತದೆ, ಪರದೆಯನ್ನು ಉಚಿತವಾಗಿ ಸರಿಮಾಡಿಕೊಡುತ್ತೇವೆ ಅಂದ.

ಇದನ್ನೆಲ್ಲ ರಜಿಯಾಳ ಎದುರಿಗೇ ಹೇಳಿದ. ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

ನಾನು ಅವಳ ಕಡೆ ನೋಡಿದೆ. ಅವಳು ಗಾಜಿನ ಆಚೆ ನೋಡುತ್ತಿದ್ದಳು. ಅಲ್ಲೊಬ್ಬ ಟೆಕ್ನಿಶಿಯನ್ ಯಾರದೋ ಮಷೀನು ಬಿಚ್ಚುತ್ತಿದ್ದ. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡಿರಲಿಲ್ಲ.

"ಬರದ್ ಕೊಡ್ರಿ ಅಕ್ಕೋರ," ಅಂದಳು ನನ್ನ ಕಡೆ ತಿರುಗದೆ. "ನಂದೇನೂ ಹೋಗೂದಿಲ್ಲ. ಮಷೀನ ದುರಸ್ತಿ ಆದರ ಸಾಕು."

ಈಗ ನಾಚಿಕೆ ಬಿಟ್ಟು ಹೇಳುತ್ತೇನೆ. ಪೆನ್ನು ತೆಗೆದುಕೊಂಡೆ. ಇಷ್ಟು ಹೊತ್ತು ನ್ಯಾಯ, ಧರ್ಮ ಅಂತ ಕೂಗಾಡಿದವಳು, ಗ್ರಾಹಕರ ಹಕ್ಕಿನ ಬಗ್ಗೆ ಇದೇ ಅಂಕಣದಲ್ಲಿ ಮೂರು ಸಲ ಬರೆದವಳು, ಪೆನ್ನು ತೆಗೆದುಕೊಂಡೆ. ಅವಳೇ ಹೇಳುತ್ತಿದ್ದಾಳಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಬರೀ ಒಂದು ಫಾರ್ಮು ಅಂದುಕೊಂಡೆ. ಅಂಗಡಿ ಈಗಲೂ ಅವಳ ಅಪ್ಪನ ಹೆಸರಿನಲ್ಲೇ ಇದೆ; ಅಂಗಡಿಯ ಹೆಸರಿನ ಗೆರೆಯ ಮೇಲೆ 'ಇಮಾಮ' ಅಂತ ಮೂರಕ್ಷರ ಬರೆದೆ.

ಅಲ್ಲಿ ಕೈ ನಿಂತಿತು. ದೊಡ್ಡ ವಿಚಾರವೇನೂ ಹೊಳೆಯಲಿಲ್ಲ. ಕಣ್ಣುಗಾಜು ಸಿಕ್ಕಿಸಿಕೊಂಡು ಬಾಗಿ, ಛಲೋ ಕೂಡಿಸಿದ್ದಾರೆ ಅಂದ ಆ ಮುದುಕರ ಮುಖ ನೆನಪಾಯಿತು, ಅಷ್ಟೇ. ಅವರ ಹೆಸರನ್ನು ಎಂಥ ಕಡೆ ಬರೆಯುತ್ತಿದ್ದೇನೆ?

ಈ ಕಾಗದ ಎಲ್ಲಿಗೆ ಹೋಗುತ್ತದೆ ಅಂತ ಮ್ಯಾನೇಜರನನ್ನು ಕೇಳಿದೆ. ಹವಾ-ನೀರಿನ ಮಾತಾಡಿದಷ್ಟು ಸಲೀಸಾಗಿ ಹೇಳಿದ. ಹೆಡ್ ಆಫೀಸಿಗೆ ಹೋಗುತ್ತದೆ. ಅಲ್ಲೊಂದು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಹೆಸರು ಬಂದ ಅಂಗಡಿಗೆ ಬಿಡಿಭಾಗ ಮಾರಬೇಡಿ ಅಂತ ಹೋಲ್‌ಸೇಲ್‌ನವರಿಗೆ ತಿಳಿಸುತ್ತಾರೆ. ಆ ಅಂಗಡಿಯವರು ಎಲ್ಲಿಂದ ತರಬೇಕು ಅಂದೆ. ಅದು ಅವರ ಪ್ರಾಬ್ಲಮ್ ಮೇಡಂ ಅಂದ.

ಆ ಮೂರಕ್ಷರಗಳನ್ನು ಅಕ್ಷರ ಕಾಣದ ಹಾಗೆ ಗೀಚಿ ಅಳಿಸಿದೆ. ಫಾರ್ಮಿನ ಮೈಮೇಲೆಲ್ಲ ಅಡ್ಡ ಗೆರೆ ಎಳೆದೆ. ಕೆಳಗೆ ಕನ್ನಡದಲ್ಲಿ ಬರೆದೆ: ಇದು ನನ್ನ ವಸ್ತು. ನನ್ನ ಮಾತಿನ ಮೇರೆಗೆ, ನನ್ನ ಕಣ್ಣೆದುರಿಗೆ, ಕಂಪನಿ ಕೊಟ್ಟ ಸ್ಕ್ರೂಡ್ರೈವರಿನಿಂದ ಬಿಚ್ಚಲಾಗಿದೆ. ಸಹಿ ಹಾಕಿದೆ. ಇದು ನಡೆಯುವುದಿಲ್ಲ ಅಂದ. ಗೊತ್ತು, ಇದು ನಿನಗಾಗಿ ಬರೆದದ್ದಲ್ಲ ಅಂದೆ. ಕಾಗದವನ್ನು ಮಡಚಿ ಪರ್ಸಿಗೆ ಹಾಕಿಕೊಂಡೆ. (ಅಷ್ಟೊತ್ತಿಗೆ ನಾನೂ ಏಕವಚನಕ್ಕೆ ಇಳಿದಿದ್ದೆ. ಅದಕ್ಕೆ ಪಶ್ಚಾತ್ತಾಪವಿಲ್ಲ.)

ಊರಿನ ಬಸ್ಸು ಹತ್ತಿದೆವು. ಊರು ಅರ್ಧ ದಾರಿ ಇರುವಾಗ ನಾನೇ ಕೇಳಿದೆ. ಆ ಪಟ್ಟಿಯ ವಿಷಯ ನಿನಗೆ ಮೊದಲೇ ಗೊತ್ತಿತ್ತೇನು ಅಂತ.

"ಗೊತ್ತೈತ್ರಿ. ಹೋದ ವರ್ಷ ಇಬ್ಬರು ಗಿರಾಕಿ ಹಿಂಗ ಬರದ್ ಕೊಟ್ಟಾರ, ಬ್ಯಾರೆ ಬ್ಯಾರೆ ಕಂಪನಿಗೆ. ಹುಬ್ಬಳ್ಯಾಗ ಒಂದ ಅಂಗಡ್ಯಾಗ ನಮಗ ಸಾಮಾನ ಕೊಡೂದ ಬಿಟ್ಟಾರ."

"ಗೊತ್ತಿದ್ದೂ ಬರದ್ ಕೊಡ್ರಿ ಅಂದ್ಯಲ್ಲ?"

"ನಿಮಗ ಹೆಂಗ ಬ್ಯಾಡ ಅನ್ಲಿ? ಮಷೀನ ನಿಮ್ದು."

ಆ ಇಬ್ಬರು ಗಿರಾಕಿಗಳು ಆಮೇಲೆ ನಿನ್ನ ಅಂಗಡಿಯ ಕಡೆ ಮುಖ ಹಾಕಿದರೇ ಅಂತ ಕೇಳಿದೆ. ಈಗಲೂ ಬರುತ್ತಾರೆ ಅಂದಳು. ಮಾಡಿಕೊಡುತ್ತೀಯಾ ಅಂದೆ. ಮಾಡಿಕೊಡುತ್ತೇನೆ, ಅವರಿಗೂ ಹುಬ್ಬಳ್ಳಿಗೆ ಓಡಾಡಲು ಆಗುವುದಿಲ್ಲವಲ್ಲ ಅಂದಳು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನ್ನ ಸಿಟ್ಟು ಇಮ್ಮಡಿಯಾದದ್ದು ಅಲ್ಲೇ. ಸಿಟ್ಟಾಗಬೇಕಾದವಳು ಆಗದೆ ಕೂತಿದ್ದಾಳೆಂದರೆ, ಅವಳಿಗೆ ಇದು ಎಷ್ಟು ರೂಢಿಯಾಗಿಹೋಗಿರಬೇಕು?

ಮರುದಿನ ಶಾಲೆ ಬಿಟ್ಟ ಮೇಲೆ ಅವಳ ಅಂಗಡಿಗೆ ಹೋದೆ. ಪರದೆಯ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿ ತೆಗೆದು ತೋರಿಸಿದಳು. ಅಲ್ಲೊಂದು ಚಪ್ಪಟೆ ವಾಯರು. ಅದರ ತುದಿ ತನ್ನ ಕೊಂಡಿಯೊಳಗೆ ಅರ್ಧವೇ ಕೂತಿತ್ತು. ಕೊಂಡಿಯ ಮೇಲೆ ಫ್ಯಾಕ್ಟರಿಯಲ್ಲಿ ಅಂಟಿಸಿದ ಹಳದಿ ಟೇಪು ಹಾಗೇ ಇತ್ತು, ಯಾರ ಕೈಯೂ ಮುಟ್ಟದಂತೆ. ಅಂದರೆ ಕೂಡಿಸುವಾಗಲೇ ಆದ ತಪ್ಪು. ಟೇಪಿನ ಸಮೇತ ನಾಲ್ಕು ಕಡೆಯಿಂದ ಫೋಟೋ ತೆಗೆಸಿಕೊಂಡೆ. ಆಮೇಲೆ ಅವಳು ಟೇಪು ಎಬ್ಬಿಸಿ, ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳು. ಟಕ್ ಅಂತ ಒಂದು ಸಣ್ಣ ಸದ್ದು.

ಅಷ್ಟೇ. ಅಧಿಕೃತ ಕೇಂದ್ರ, ನಕ್ಷತ್ರ, ಫಾರ್ಮು ಎಲ್ಲ ಸೇರಿ ಮಾಡದ ಕೆಲಸ ಒಂದು ಹೆಬ್ಬೆರಳಿನದಾಗಿತ್ತು.

ಪರದೆ ಈಗ ಮಿಟುಕುವುದಿಲ್ಲ. ತಕರಾರನ್ನು ನಾನು ಬಿಡಲಿಲ್ಲ. ಗದಗಿಗೆ ಹೋಗಿ ಗ್ರಾಹಕರ ಆಯೋಗದಲ್ಲಿ ಅರ್ಜಿ ಕೊಟ್ಟಿದ್ದೇನೆ. ಪ್ರಿಂಟ್ ತೆಗೆದ ಹಳೆಯ ಪುಟ, ಹಳದಿ ಟೇಪಿನ ಫೋಟೋಗಳು, ನೆನಪಿನ ಕಾಣಿಕೆ, ಅಡ್ಡ ಗೆರೆ ಎಳೆದ ಆ ಫಾರ್ಮು, ಎಲ್ಲದರ ಜೊತೆಗೆ. ಅರ್ಜಿಯಲ್ಲಿ ರಜಿಯಾಳ ಹೆಸರು ಹಾಕಲೇ ಅಂತ ಈ ಸಲ ಮೊದಲು ಅವಳನ್ನು ಕೇಳಿದೆ. ಒಂದು ದಿನ ಯೋಚಿಸಿ, ಹಾಕಿ ಅಂದಳು. ಈ ಅಂಕಣಕ್ಕೂ ಹಾಗೆಯೇ ಕೇಳಿದ್ದೇನೆ. ವಿಚಾರಣೆ ಇನ್ನೂ ಶುರುವಾಗಿಲ್ಲ. ಗೆಲ್ಲುತ್ತೇನೋ ಇಲ್ಲವೋ ಗೊತ್ತಿಲ್ಲ. ಟಿಕ್ ಹಾಕಿದ್ದೇನಲ್ಲ, ಅವರ ವಕೀಲರು ಅದನ್ನೇ ಹಿಡಿದು ಜಗ್ಗುತ್ತಾರೆ. ಜಗ್ಗಲಿ. ವಸ್ತು ಹುಟ್ಟುವ ಮುಂಚೆ ಕೊಟ್ಟ ಮಾತು ಹುಟ್ಟಿದ ಮೇಲೆ ಸಾಯುತ್ತದೆ ಅಂತ ಒಬ್ಬರಾದರೂ ನ್ಯಾಯಪೀಠದಲ್ಲಿ ಕೂತು ನನಗೆ ಹೇಳಲಿ, ಕೇಳಿಸಿಕೊಳ್ಳುತ್ತೇನೆ.

ಮೊನ್ನೆ ಕಂಪನಿಯಿಂದ ಈಮೇಲ್ ಬಂತು. ಅರ್ಜಿಗೆ ಉತ್ತರವಿರಬೇಕು ಅಂದುಕೊಂಡೆ. ಅಲ್ಲ. ಮುಂದಿನ ಮಾಡೆಲ್ ಬರುತ್ತಿದೆ, ಬಿಡುಗಡೆಗೆ ಮುಂಚೆಯೇ ಬುಕ್ ಮಾಡಿ ಅಂತೆ. ಸಿಹಿಸುದ್ದಿ.

ಆದರೆ ನಿದ್ದೆ ಕೆಡಿಸುತ್ತಿರುವುದು ಈಮೇಲ್ ಅಲ್ಲ. ಆ ಡ್ರಾವರಿನಲ್ಲಿದ್ದ ಕಟ್ಟು. ಫಾರ್ಮನ್ನು ಒಬ್ಬಳಿಗಾಗಿ ಅಚ್ಚು ಹಾಕಿಸುವುದಿಲ್ಲ. ಕಟ್ಟು ಅರ್ಧ ಖಾಲಿಯಾಗಿತ್ತು. ಅಂದರೆ ನನಗಿಂತ ಮುಂಚೆ ಬಹಳ ಮಂದಿ ಅಲ್ಲಿ ಕೂತು, ಅದೇ ಪೆನ್ನು ಹಿಡಿದು, ಪೂರಾ ಹೆಸರು ಬರೆದು ಎದ್ದು ಬಂದಿದ್ದಾರೆ. ಅವರು ಕೆಟ್ಟವರಲ್ಲ. ನನ್ನಂಥವರೇ. ನಿಮ್ಮಂಥವರೇ.

ಗದಗ, ಬೆಟಗೇರಿ, ಶಿರಹಟ್ಟಿ, ಮುಂಡರಗಿಯಲ್ಲಿ ಕೂತು ಇದನ್ನು ಓದುತ್ತಿರುವ ನೀವು, ಆ ಖಾಲಿ ಗೆರೆಯ ಮೇಲೆ ಯಾರ ಹೆಸರು ಬರೆದು ಬಂದಿರಿ?